ಪತ್ರಿಕೆಯ ಪುಟದಲ್ಲಿ ಕವಿತೆ ಹುಡುಕುವವರಿಗೆ: ಬ್ಲ್ಯಾಕ್‌ಔಟ್ ಕವಿತೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಲ್ಯಾಕ್‌ಔಟ್ ಕವಿತೆ ಅಂದರೆ ಏನು?

ಅಚ್ಚಾದ ಒಂದು ಪುಟ ತೆಗೆದುಕೊಳ್ಳುತ್ತೀರಿ. ದಿನಪತ್ರಿಕೆಯ ಸುದ್ದಿ, ಹಳೆಯ ಪಠ್ಯಪುಸ್ತಕದ ಪಾಠ, ಟೆಂಡರ್ ಪ್ರಕಟಣೆ, ಯಾವುದಾದರೂ ಸರಿ. ಅದರಲ್ಲಿ ನಿಮಗೆ ಬೇಕಾದ ಕೆಲವು ಪದಗಳನ್ನು ಮಾತ್ರ ಉಳಿಸಿಕೊಂಡು ಉಳಿದದ್ದರ ಮೇಲೆಲ್ಲ ಕಪ್ಪು ಮಾರ್ಕರ್ ಎಳೆಯುತ್ತೀರಿ. ಉಳಿದ ಪದಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಒಂದು ಕವಿತೆ. ಹೊಸದಾಗಿ ಒಂದು ಅಕ್ಷರವನ್ನೂ ಸೇರಿಸುವ ಹಾಗಿಲ್ಲ, ಪದಗಳ ಕ್ರಮವನ್ನೂ ಬದಲಿಸುವ ಹಾಗಿಲ್ಲ. ಇರುವ ನಿಯಮ ಇಷ್ಟೇ. ಇದರಲ್ಲಿ ಸಿಗುವ ಸುಖವೂ ಈ ನಿಯಮದಿಂದಲೇ ಬರುತ್ತದೆ.

ಇದನ್ನು ಶುರು ಮಾಡಿದ್ದು ಯಾರು?

ಇಂಥವರೇ ಎಂದು ಒಬ್ಬರನ್ನು ತೋರಿಸಲಾಗದು. ಮಾರ್ಕರ್ ಮತ್ತು ದಿನಪತ್ರಿಕೆಯ ಈಗಿನ ರೂಪ ಜನಪ್ರಿಯವಾದದ್ದು ಅಮೆರಿಕದ ಆಸ್ಟಿನ್ ಕ್ಲಿಯಾನ್ ಅವರಿಂದ. ಬರೆಯಲು ಕುಳಿತರೆ ಏನೂ ತೋಚದ ಹೊತ್ತಿನಲ್ಲಿ, 2005ರಲ್ಲಿ, ಮನೆಗೆ ಬರುತ್ತಿದ್ದ ಪತ್ರಿಕೆಯ ಮೇಲೆ ಅವರು ಇದನ್ನು ಆರಂಭಿಸಿದರು. 2010ರಲ್ಲಿ ಅದು ಪುಸ್ತಕವಾಯಿತು.

ಆದರೆ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 1760ರ ದಶಕದ ಲಂಡನ್ನಿನಲ್ಲಿ ಕೇಲೆಬ್ ವೈಟ್‌ಫರ್ಡ್ ಎಂಬವರು ಪತ್ರಿಕೆಯ ಕಾಲಂಗಳನ್ನು ಕೆಳಕ್ಕೆ ಓದದೆ ಅಡ್ಡಡ್ಡ ಓದಿ, ಒಂದು ಸುದ್ದಿಯ ಅರ್ಧಕ್ಕೆ ಪಕ್ಕದ ಸುದ್ದಿಯ ಅರ್ಧ ಜೋಡಿಸಿ ಗೆಳೆಯರನ್ನು ನಗಿಸುತ್ತಿದ್ದರು.

ನನಗೆ ಎಲ್ಲರಿಗಿಂತ ಹತ್ತಿರದವರು ಟಾಮ್ ಫಿಲಿಪ್ಸ್. ಈ ಇಂಗ್ಲಿಷ್ ಚಿತ್ರಕಾರ 1966ರಲ್ಲಿ ತಮಗೆ ತಾವೇ ಒಂದು ಪಂಥ ಹಾಕಿಕೊಂಡರು: ಮೂರು ಪೆನ್ಸ್‌ಗೆ (ಇಂಗ್ಲೆಂಡಿನ ಚಿಲ್ಲರೆ ಕಾಸು) ಸಿಗುವ ಮೊದಲ ಹಳೆಯ ಪುಸ್ತಕ ಕೊಳ್ಳುವುದು, ಅದರ ಮೇಲೆಯೇ ಕೆಲಸ ಮಾಡುವುದು. ಲಂಡನ್ನಿನ ಪೆಕಮ್ ರೈ ಎಂಬಲ್ಲಿ ಸಿಕ್ಕಿದ್ದು 1892ರ, ಎಲ್ಲರೂ ಮರೆತುಬಿಟ್ಟಿದ್ದ ಒಂದು ಕಾದಂಬರಿ. ಅದರ ಪ್ರತಿ ಪುಟದ ಮೇಲೂ ಚಿತ್ರ ಬರೆದು, ನಡುನಡುವೆ ಕೆಲವೇ ಪದಗಳನ್ನು ಉಳಿಸಿ, ಬೇರೆಯದೇ ಕಥೆ ಹೊರತೆಗೆದರು. ಒಮ್ಮೆ ಮುಗಿಸಿದ ಪುಟಗಳನ್ನೇ ಮತ್ತೆ ಮತ್ತೆ ಹೊಸದಾಗಿ ಮಾಡಿದರು. ಕೊನೆಯ ಆವೃತ್ತಿ ಬಂದದ್ದು 2016ರಲ್ಲಿ. ಒಂದೇ ಪುಸ್ತಕದೊಳಗೆ ಐವತ್ತು ವರ್ಷ. ಒಂದು ಪುಟದಲ್ಲಿ ಎಷ್ಟು ಕವಿತೆಗಳು ಅಡಗಿರಬಹುದು ಎಂದು ಯಾರಾದರೂ ಕೇಳಿದರೆ ನಾನು ಅವರ ಹೆಸರು ಹೇಳುತ್ತೇನೆ.

ನನಗೆ ಕವಿತೆ ಬರೆಯುವುದೇ ಬರುವುದಿಲ್ಲ. ಮಾಡಬಹುದೇ?

ಖಂಡಿತ ಮಾಡಬಹುದು. ಖಾಲಿ ಹಾಳೆಯ ಭಯ ಇಲ್ಲಿಲ್ಲ. ಪದಗಳು ಆಗಲೇ ಎದುರಿಗಿವೆ, ನೀವು ಆರಿಸಿಕೊಳ್ಳಬೇಕು ಅಷ್ಟೇ. ಪತ್ರಿಕೆಯ ಪದಬಂಧ ಬಿಡಿಸುವ ಅಭ್ಯಾಸ ಇರುವವರಿಗೆ ಇದು ಬಹಳ ಬೇಗ ಕೈಗೆ ಹತ್ತುತ್ತದೆ, ಏಕೆಂದರೆ ಅಕ್ಷರಗಳ ಗುಂಪಿನಲ್ಲಿ ಪದ ಕಾಣುವ ಕಣ್ಣು ಅವರಿಗೆ ಮೊದಲೇ ಇರುತ್ತದೆ.

ಕವಿತೆ ಬರೆಯುವವರಿಗೂ ಒಂದು ಮಾತು. ನಿಮ್ಮ ರೂಢಿಯ ಪದಗಳು, ನಿಮ್ಮದೇ ಉಪಮೆಗಳು ಇಲ್ಲಿ ಕೈಗೆ ಸಿಗುವುದಿಲ್ಲ. ಹುಣ್ಣಿಮೆ, ಮೌನ, ಕಣ್ಣೀರು ಇಲ್ಲದ ಪುಟದಲ್ಲಿ ‘ಕ್ಯುಸೆಕ್’, ‘ಗುತ್ತಿಗೆ’, ‘ಮುಂದೂಡಿಕೆ’ ಇಟ್ಟುಕೊಂಡು ಕೆಲಸ ಮಾಡಬೇಕಾಗುತ್ತದೆ. ಅದರಿಂದ ಒಳ್ಳೆಯದೇ ಆಗುತ್ತದೆ.

ಏನೇನು ಸಾಮಾನು ಬೇಕು?

ಒಂದು ಪೆನ್ಸಿಲ್, ತೆಳು ಮೊನೆಯ ಕಪ್ಪು ಪೆನ್ನು, ದಪ್ಪ ಮೊನೆಯ ಕಪ್ಪು ಮಾರ್ಕರ್, ಅಡಿಗೆ ಹಾಕಲು ರದ್ದಿ ಕಾಗದ. ಪರ್ಮನೆಂಟ್ ಮಾರ್ಕರ್ ಬಳಸಿದರೆ ನ್ಯೂಸ್‌ಪ್ರಿಂಟ್‌ನಲ್ಲಿ ಮಸಿ ಹಿಂಬದಿಗೆ ಇಳಿದು ಮೇಜಿಗೂ ಅಂಟುತ್ತದೆ, ಆದ್ದರಿಂದ ಅಡಿಯ ಕಾಗದ ಮರೆಯಬೇಡಿ. ವಾಸನೆ ಘಾಟು, ಕಿಟಕಿ ತೆರೆದಿಡಿ. ಓರೆಯಾಗಿ ಕತ್ತರಿಸಿದ ಮೊನೆಯ ಮಾರ್ಕರ್ ಇದ್ದರೆ ಅದರ ಅಗಲದಿಂದ ಸಾಲುಗಳನ್ನೂ ಅಂಚಿನಿಂದ ಪದಗಳ ಸಂದನ್ನೂ ತುಂಬಬಹುದು.

ಇಡೀ ಪುಟ ಕಪ್ಪು ಮಾಡುವುದಾದರೆ ಮಾರ್ಕರ್ ಬೇಗ ಒಣಗುತ್ತದೆ. ಪೋಸ್ಟರ್ ಕಲರ್ ಮತ್ತು ಚಪ್ಪಟೆ ಬ್ರಶ್ ಅಗ್ಗ, ಕಪ್ಪೂ ಗಾಢವಾಗಿ ಬರುತ್ತದೆ. ಆದರೆ ನೀರು ಹೆಚ್ಚಾದರೆ ಪತ್ರಿಕೆಯ ಕಾಗದ ಸುಕ್ಕುಗಟ್ಟುತ್ತದೆ. ಅದಕ್ಕೇ ಪುಟವನ್ನು ದಪ್ಪ ಕಾಗದದ ಮೇಲೆ ಜೆರಾಕ್ಸ್ ಮಾಡಿಸಿಕೊಳ್ಳುವುದು ಮೇಲು. ಎ4 ಪುಟವನ್ನು 141 ಪರ್ಸೆಂಟ್ ಹಿಗ್ಗಿಸಿದರೆ ಸರಿಯಾಗಿ ಎ3 ಆಗುತ್ತದೆ, ಅಕ್ಷರಗಳ ನಡುವೆ ಕೈಯಾಡಿಸಲು ಜಾಗವೂ ಸಿಗುತ್ತದೆ.

ಪುಟ ಎದುರಿಗಿದೆ. ಎಲ್ಲಿಂದ ಹಿಡಿಯಬೇಕು?

ಮಾರ್ಕರ್ ಅನ್ನು ದೂರ ಇಡಿ. ಹೊಸಬರ ಆತುರವೆಲ್ಲ ಕಪ್ಪು ಬಳಿಯುವುದರಲ್ಲೇ ಇರುತ್ತದೆ. ಆದರೆ ಬಳಿಯುವುದು ಕೊನೆಯ ಹತ್ತು ನಿಮಿಷದ ಕೆಲಸ, ಕವಿತೆ ಆಗುವುದು ಪೆನ್ಸಿಲ್ ಹಿಡಿದಿರುವಾಗ.

ಸುದ್ದಿಯನ್ನು ಸುದ್ದಿಯಾಗಿ ಓದಬೇಡಿ. ಏನಾಯಿತು, ಯಾರಿಗಾಯಿತು ಎಂಬ ಕಡೆ ಗಮನ ಹೋದರೆ ಪದಗಳು ತಮ್ಮ ಕೆಲಸಕ್ಕೆ ಅಂಟಿಕೊಂಡೇ ಕಾಣುತ್ತವೆ. ಕಣ್ಣನ್ನು ಪುಟದ ಮೇಲೆ ಸುಮ್ಮನೆ ಓಡಾಡಿಸಿ. ಯಾವುದೋ ಒಂದು ಪದ ತಡೆದು ನಿಲ್ಲಿಸುತ್ತದೆ: ‘ದಡ’, ‘ಬಾಕಿ’, ‘ಅಲ್ಲಿಯವರೆಗೆ’. ಅದರ ಸುತ್ತ ಪೆನ್ಸಿಲಿನಲ್ಲಿ ಗೆರೆ ಹಾಕಿ. ಇದು ಗೂಟ. ಇದರ ಮೇಲೂ ಕೆಳಗೂ ಇದಕ್ಕೆ ಸೇರುವ ಪದ ಹುಡುಕಿ. ನಾಲ್ಕೈದು ಸಿಕ್ಕ ಮೇಲೆ ಜೋರಾಗಿ ಓದಿ. ಬಾಯಲ್ಲಿ ಎಲ್ಲಿ ಎಡವುತ್ತದೋ ಅಲ್ಲಿ ಒಂದು ಪದ ಹೆಚ್ಚಾಗಿದೆ ಎಂದೇ ಲೆಕ್ಕ, ಕಡಿಮೆಯಾಗಿರುವುದು ಅಪರೂಪ. ಅಳಿಸಿ ಮತ್ತೆ ಓದಿ.

ಸರಿ ಎನಿಸಿದಾಗ ತೆಳು ಪೆನ್ನಿನಲ್ಲಿ ಪ್ರತಿ ಪದಕ್ಕೂ ಚೌಕಟ್ಟು ಹಾಕಿ. ಆಮೇಲೆ ಮಾರ್ಕರ್.

ಒಂದು ಉದಾಹರಣೆ ತೋರಿಸಬಹುದೇ?

ಮಳೆಗಾಲದಲ್ಲಿ ಜಿಲ್ಲಾ ಪುಟಗಳಲ್ಲಿ ಬರುವ ಸುದ್ದಿಯ ಧಾಟಿಯಲ್ಲೇ ಅಭ್ಯಾಸಕ್ಕೆಂದು ಬರೆದ ಒಂದು ಪ್ಯಾರಾ ಇದು:

“ಜಿಲ್ಲೆಯಲ್ಲಿ ಕಳೆದ ಮೂರು ದಿನಗಳಿಂದ ಸುರಿಯುತ್ತಿರುವ ಮಳೆಗೆ ಹಳೆಯ ಸೇತುವೆಯ ಒಂದು ಬದಿ ಕುಸಿದಿದ್ದು, ಎರಡೂ ದಡದ ಗ್ರಾಮಗಳ ನಡುವೆ ಸಂಪರ್ಕ ಕಡಿತಗೊಂಡಿದೆ. ಶಾಲೆಗೆ ಹೋಗುವ ಮಕ್ಕಳು ಎಂಟು ಕಿಲೋಮೀಟರ್ ಸುತ್ತಿ ಬರಬೇಕಾದ ಪರಿಸ್ಥಿತಿ ನಿರ್ಮಾಣವಾಗಿದೆ. ನೀರು ಇಳಿದ ಬಳಿಕ ದುರಸ್ತಿ ಕಾಮಗಾರಿ ಆರಂಭಿಸಲಾಗುವುದು ಎಂದು ಅಧಿಕಾರಿಗಳು ತಿಳಿಸಿದ್ದಾರೆ. ಅಲ್ಲಿಯವರೆಗೆ ದೋಣಿ ವ್ಯವಸ್ಥೆ ಮಾಡಬೇಕೆಂದು ಗ್ರಾಮಸ್ಥರು ಒತ್ತಾಯಿಸಿದ್ದಾರೆ.”

ಇದರಿಂದ ಹೊರಟ ಒಂದು ಕವಿತೆ:

ಕಳೆದ ದಿನಗಳಿಂದ
ಸುರಿಯುತ್ತಿರುವ ಮಳೆ
ಎರಡೂ ದಡದ ನಡುವೆ
ನೀರು
ಇಳಿದ ಬಳಿಕ ತಿಳಿ
ಅಲ್ಲಿಯವರೆಗೆ ದೋಣಿ

‘ಮೂರು’ ಎಂಬುದನ್ನು ಮುಚ್ಚಿದ್ದನ್ನು ಗಮನಿಸಿ. ಲೆಕ್ಕ ಹೋದ ಕೂಡಲೇ ‘ಕಳೆದ ದಿನಗಳು’ ನಾವು ಕಳೆದುಕೊಂಡ ದಿನಗಳೂ ಆಗುತ್ತವೆ. ‘ಮಳೆಗೆ’ ಎಂಬಲ್ಲಿ ‘ಗೆ’ ಹೋಗಿ ಮಳೆ ಉಳಿದಿದೆ. ‘ತಿಳಿಸಿದ್ದಾರೆ’ ಎಂಬುದರ ಬಾಲ ಕತ್ತರಿಸಿದಾಗ ಅಧಿಕಾರಿಗಳ ಹೇಳಿಕೆ ಹೋಗಿ ತಿಳಿನೀರು ಬಂತು.

ಅದೇ ಪ್ಯಾರಾದಿಂದ ಇನ್ನೊಂದು:

ಹಳೆಯ ಸೇತುವೆ
ಕುಸಿದಿದ್ದು
ಎರಡೂ ದಡದ ನಡುವೆ
ಮಕ್ಕಳು

ಇದು ಮಳೆಯ ಸುದ್ದಿಯಾಗಿ ಉಳಿದಿಲ್ಲ. ಒಡೆದ ಮನೆಯೊಂದರ ಕವಿತೆಯಾಗಿದೆ. ಎರಡಕ್ಕೂ ‘ಎರಡೂ ದಡದ ನಡುವೆ’ ಎಂಬುದೇ ಗೂಟ. ಹಿಂದೆ ಮುಂದೆ ಏನನ್ನು ಉಳಿಸಿದೆವು ಎಂಬುದರ ಮೇಲೆ ಅದು ಒಮ್ಮೆ ಹೊಳೆಯಾಯಿತು, ಒಮ್ಮೆ ಸಂಸಾರವಾಯಿತು. ಓದುವವರು ಇದೇ ಪ್ಯಾರಾದಲ್ಲಿ ಮೂರನೆಯದನ್ನು ಹುಡುಕಬಹುದು. ಇದೆ.

ಕನ್ನಡದಲ್ಲಿ ಪದಕ್ಕೆ ಪ್ರತ್ಯಯ ಅಂಟಿಕೊಂಡೇ ಇರುತ್ತದಲ್ಲ? ಇಂಗ್ಲಿಷಿನಷ್ಟು ಸುಲಭವೇ?

ಬೇರೆ ರೀತಿಯ ಕಷ್ಟ, ಬೇರೆ ರೀತಿಯ ಸುಲಭ. ಹೆಚ್ಚು ಜನ ಕೈಬಿಡುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇಡೀ ಪದವನ್ನೇ ಉಳಿಸಬೇಕು ಅಥವಾ ಇಡೀ ಪದವನ್ನೇ ಮುಚ್ಚಬೇಕು ಎಂದುಕೊಂಡರೆ ಕನ್ನಡದಲ್ಲಿ ಒಂದು ಹೆಜ್ಜೆಯೂ ಇಡಲಾಗದು. ‘ಮನೆಯಿಂದ’, ‘ಮಳೆಗೆ’, ‘ಸೇತುವೆಯನ್ನು’ ಎಲ್ಲವೂ ಒಂದೊಂದು ಕ್ರಿಯಾಪದವನ್ನು ಕಾಯುತ್ತಿರುತ್ತವೆ, ಆ ಕ್ರಿಯಾಪದ ನಿಮ್ಮ ಕವಿತೆಯಲ್ಲಿ ಇರುವುದಿಲ್ಲ. ಆದ್ದರಿಂದ ಪದದೊಳಕ್ಕೆ ಕೈ ಹಾಕಬೇಕು. ಅ, ಇ, ಎ ಸ್ವರಗಳಿಂದ ಮುಗಿಯುವ ನಾಮಪದಗಳು ಪ್ರತ್ಯಯವನ್ನು ಸಲೀಸಾಗಿ ಬಿಟ್ಟುಕೊಡುತ್ತವೆ. ‘ಮರದಲ್ಲಿ’ ಮರವಾಗುತ್ತದೆ, ‘ದೋಣಿಯಿಂದ’ ದೋಣಿಯಾಗುತ್ತದೆ, ‘ಮನೆಗೆ’ ಮನೆಯಾಗುತ್ತದೆ. ಉಕಾರದಿಂದ ಮುಗಿಯುವವು ಹಟ ಹಿಡಿಯುತ್ತವೆ. ‘ಊರಿಗೆ’ ಎಂಬುದರಿಂದ ‘ಊರು’ ಬರುವುದಿಲ್ಲ, ‘ಹಾಡಿನಲ್ಲಿ’ ಎಂಬುದರಿಂದ ‘ಹಾಡು’ ಬರುವುದಿಲ್ಲ. ಆದರೆ ‘ಹಾಡಿನ’ ಎಂದು ನಿಲ್ಲಿಸಬಹುದು, ಮುಂದೆ ಬರುವ ಯಾವ ನಾಮಪದಕ್ಕಾದರೂ ಅದು ಜೋಡಿಯಾಗುತ್ತದೆ. ‘ಹಾಡಿ’ ಎಂದು ನಿಲ್ಲಿಸಿದರೆ ಕ್ರಿಯಾಪದವೇ ಸಿಕ್ಕಿತು.

ಕ್ರಿಯಾಪದಗಳಲ್ಲಿ ನಿಧಿ ಇರುವುದು ‘ಬಂದ’, ‘ಹೋಗುವ’, ‘ಇಳಿದ’, ‘ಉಳಿಯದ’ ಎಂಬಂಥ ಕೃದಂತ ರೂಪಗಳಲ್ಲಿ. ಇವಕ್ಕೆ ಲಿಂಗವಿಲ್ಲ, ವಚನವಿಲ್ಲ, ಯಾವ ನಾಮಪದದ ಮುಂದೆ ಇಟ್ಟರೂ ಹೊಂದುತ್ತವೆ. ನಮ್ಮ ಸುದ್ದಿಭಾಷೆ ಇಂಥ ರೂಪಗಳ ಸರಮಾಲೆಯಲ್ಲೇ ನಡೆಯುತ್ತದೆ, ಒಂದು ಪುಟದಲ್ಲಿ ಬೇಕಾದಷ್ಟು ಸಿಗುತ್ತವೆ. ಅವುಗಳ ಸುತ್ತ ಮೊದಲೇ ಪೆನ್ಸಿಲ್ ಗುರುತು ಹಾಕಿಟ್ಟುಕೊಳ್ಳಿ.

ಇನ್ನು ಸುಲಭದ ಮಾತು. ಇಂಗ್ಲಿಷಿನಲ್ಲಿ ಮಾಡುವವರು ಎರಡು ಪದ ಸೇರಿಸಲು ಸಣ್ಣಪುಟ್ಟ ಕೊಂಡಿ ಪದಗಳಿಗಾಗಿ ಪುಟವೆಲ್ಲ ತಡಕಾಡಬೇಕು. ಕನ್ನಡದಲ್ಲಿ ‘ನೀರು ತಿಳಿ’ ಎಂದರೆ ವಾಕ್ಯ ಪೂರ್ತಿ. ಕರ್ತೃವನ್ನು ಬಿಟ್ಟರೂ ಆಗುತ್ತದೆ, ‘ಇದೆ’ ಎಂಬುದನ್ನು ಬಿಟ್ಟರೂ ಆಗುತ್ತದೆ. ನಮ್ಮ ಗಾದೆಗಳೆಲ್ಲ ಹೀಗೆಯೇ ನಿಂತಿವೆ.

ಪದದೊಳಗೆ ಇನ್ನೊಂದು ಪದ ಹುಡುಕಬಹುದೇ?

ಹುಡುಕಲೇಬೇಕು! ‘ಮತದಾರ’ದೊಳಗೆ ದಾರ ಇದೆ. ‘ಪ್ರವಾಸಿ’ಯೊಳಗೆ ವಾಸಿ, ‘ಫಲಾನುಭವಿ’ಯೊಳಗೆ ಭವಿ, ‘ಕಾಮಗಾರಿ’ಯ ನಡುವೆ ‘ಮಗಾ’ ಎಂಬ ಕರೆ. ಜಲಾಶಯದ ‘ಒಳಹರಿವು’, ‘ಹೊರಹರಿವು’ ಎಂಬ ಪದಗಳಲ್ಲಿ ಒಳ, ಹೊರ, ಹರಿವು, ಹರಿ ಎಲ್ಲವೂ ಇವೆ.

ಒಂದು ಮಿತಿ ಉಂಟು. ಸ್ವರದಿಂದ ಶುರುವಾಗುವ ಪದ ಇನ್ನೊಂದರೊಳಗೆ ಸೇರಿದಾಗ ಅದರ ಸ್ವರ ಹಿಂದಿನ ವ್ಯಂಜನಕ್ಕೆ ಅಂಟಿಬಿಡುತ್ತದೆ. ‘ಜಲಾಶಯ’ದಲ್ಲಿ ಆಶಯ ಕಿವಿಗೆ ಕೇಳುತ್ತದೆ, ಕಣ್ಣಿಗೆ ಮಾತ್ರ ‘ಲಾಶಯ’ ಎಂದೇ ಕಾಣುತ್ತದೆ. ಅದನ್ನು ಬಿಡಿಸಲು ದಾರಿಯಿಲ್ಲ.

ಅಕ್ಷರದ ಒಂದು ಭಾಗವನ್ನೇ ಮುಚ್ಚಬಹುದೇ ಎಂದೂ ಕೇಳುತ್ತಾರೆ. ಸೊನ್ನೆ ಮತ್ತು ದೀರ್ಘದ ಗುರುತು ಬಿಡಿಯಾಗಿ ನಿಲ್ಲುವುದರಿಂದ ಮುಚ್ಚಬಹುದು. ಮಳೆ ಚೆನ್ನಾಗಿ ಆದ ವರ್ಷ ‘ಕೆರೆ ಕೋಡಿ’ ಎಂಬ ತಲೆಬರಹ ಊರೂರಿನಿಂದ ಬರುತ್ತದೆ. ಅದರ ದೀರ್ಘ ಮುಚ್ಚಿದರೆ ‘ಕೆರೆ ಕೊಡಿ’ ಎಂಬ ಬೇಡಿಕೆಯಾಗುತ್ತದೆ. ಗುಡಿಸು, ಏತ್ವಗಳನ್ನು ಮುಚ್ಚಲು ಹೋಗಬೇಡಿ. ಅವು ಅಕ್ಷರದ ಮೈಯಲ್ಲೇ ಬೆಸೆದಿರುತ್ತವೆ, ಮುಚ್ಚಿದರೆ ಉಳಿಯುವುದು ಕನ್ನಡದ ಅಕ್ಷರವೇ ಅಲ್ಲ.

ಬಳಿಯುವಾಗ ಒತ್ತಕ್ಷರ ಮಾಯವಾಗುತ್ತಿದೆ. ಏನು ಮಾಡಲಿ?

ಕನ್ನಡದ ಒತ್ತು ಸಾಲಿನ ಕೆಳಗೆ ಇಳಿದು ಕೂರುತ್ತದೆ. ಪತ್ರಿಕೆಯಲ್ಲಿ ಸಾಲುಗಳ ಅಂತರ ಕಡಿಮೆ. ಕೆಳಗಿನ ಸಾಲನ್ನು ದಪ್ಪ ಮಾರ್ಕರಿನಲ್ಲಿ ಎಳೆದಾಗ ಮೇಲಿನ ಪದದ ಒತ್ತು ಮುಳುಗಿಹೋಗುತ್ತದೆ, ‘ಅಣ್ಣ’ ಬರೀ ‘ಅಣ’ ಆಗುತ್ತಾನೆ. ಅದಕ್ಕಾಗಿಯೇ ಮೊದಲು ತೆಳು ಪೆನ್ನಿನ ಚೌಕಟ್ಟು ಹಾಕುವುದು. ಚೌಕಟ್ಟು ಒತ್ತಿನ ಕೆಳಗೂ ಒಂದು ಕೂದಲೆಳೆ ಜಾಗ ಬಿಟ್ಟು ಇರಲಿ, ಅದಕ್ಕಾಗಿ ಕೆಳಗಿನ ಸಾಲಿನ ತಲಕಟ್ಟು ಚೂರು ಇಣುಕಿದರೂ ಚಿಂತೆಯಿಲ್ಲ. ಮಾರ್ಕರನ್ನು ಚೌಕಟ್ಟಿನಿಂದ ಹೊರಗಡೆಗೆ ಎಳೆಯಿರಿ, ಒಳಮುಖವಾಗಿ ಬೇಡ.

ಯಾವ ಪುಟಗಳು ಚೆನ್ನಾಗಿ ಒದಗಿಬರುತ್ತವೆ?

ಕವಿತೆಯಿಂದ ಅತ್ಯಂತ ದೂರ ಇರುವ ಪುಟಗಳು. ಜಲಾಶಯಗಳ ನೀರಿನ ಮಟ್ಟದ ಚೌಕವನ್ನೇ ನೋಡಿ: ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ ಎಂಬುದು ಮಂಡ್ಯ, ಮೈಸೂರಿನ ಮಕ್ಕಳಿಗೂ ಬಾಯಿಪಾಠ. ‘ಇಂದಿನ ಮಟ್ಟ’ ಎಂಬ ಎರಡು ಪದವನ್ನಷ್ಟೇ ಉಳಿಸಿ ಅದೇ ಪುಟದಲ್ಲಿ ಅದರ ಕೆಳಗಿರುವ ಬೇರೆ ಸುದ್ದಿಯಲ್ಲಿ ಒಂದು ಪದ ಉಳಿಸಿದರೆ ಸಾಕು, ಒಬ್ಬ ಮನುಷ್ಯನ ಆ ದಿನದ ಸ್ಥಿತಿ ಅಲ್ಲಿ ಬಂದು ಕೂರುತ್ತದೆ.

ರಾಶಿಭವಿಷ್ಯ, ಅಡುಗೆ ಅಂಕಣ, ಹವಾಮಾನ ವರದಿ, ಔಷಧದ ಪೆಟ್ಟಿಗೆಯೊಳಗಿನ ಚೀಟಿ, ವಿದ್ಯುತ್ ವ್ಯತ್ಯಯದ ಪ್ರಕಟಣೆ, ಲಗ್ನಪತ್ರಿಕೆ, ಎಲ್ಲವೂ ಆಗಬಹುದು. ವಿದ್ಯುತ್ ವ್ಯತ್ಯಯದ ಪ್ರಕಟಣೆಯಲ್ಲಿ ಬಡಾವಣೆಗಳ ಹೆಸರೇ ತುಂಬಿರುತ್ತವೆ. ಊರಿನ ಬಗ್ಗೆ ಕವಿತೆ ಬೇಕೆನ್ನುವವರು ಅದನ್ನು ಬಿಡಬೇಡಿ.

ಅಪಘಾತ, ಆತ್ಮಹತ್ಯೆ, ಶ್ರದ್ಧಾಂಜಲಿ: ಇಲ್ಲಿ ಕೈ ತಡೆದು ಕೆಲಸ ಮಾಡಿ. ನಿಜವಾದ ಒಂದು ಮನೆಯ ದುಃಖ ಆ ಪುಟದಲ್ಲಿದೆ. ಹೆಸರು, ಊರು, ಫೋಟೋ ಮೊದಲು ಮುಚ್ಚಿ. ತಮಾಷೆಗೆ ಅಂಥ ಪುಟ ಮುಟ್ಟಲೇಬೇಡಿ.

ಪುಸ್ತಕ ಅಂದರೆ ಸರಸ್ವತಿ. ಅದಕ್ಕೆ ಮಸಿ ಬಳಿಯುವುದು ತಪ್ಪಲ್ಲವೇ?

ಕಾಲು ತಾಗಿದರೆ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವವರು ನಾವು. ಮಸಿ ಬಳಿಯುವುದು ಎಂದರೆ ನಮ್ಮಲ್ಲಿ ಅವಮಾನಕ್ಕೆ ಇನ್ನೊಂದು ಹೆಸರು, ನಾಮಫಲಕಕ್ಕಾಗಲಿ ಮುಖಕ್ಕಾಗಲಿ. ಈ ಅಳುಕು ಮನಸ್ಸಿನಲ್ಲಿ ಇರುವುದು ಒಳ್ಳೆಯದೇ, ಅದನ್ನು ಕಳೆದುಕೊಳ್ಳಬೇಡಿ. ಜೆರಾಕ್ಸ್ ಪ್ರತಿಯ ಮೇಲೆ ಮಾಡಿ, ಮೂಲ ಕಪಾಟಿನಲ್ಲಿರಲಿ.

ಗೆದ್ದಲು ತಿಂದು, ಹೊಲಿಗೆ ಬಿಚ್ಚಿ ಅರ್ಧ ಪುಟಗಳೇ ಕಳೆದುಹೋದ ಪುಸ್ತಕಗಳು ರದ್ದಿ ಅಂಗಡಿಯಲ್ಲಿ ತೂಕಕ್ಕೆ ಸಿಗುತ್ತವೆ. ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಹಳೆಯ ಪಠ್ಯಪುಸ್ತಕಗಳ ರಾಶಿಯೇ ಇರುತ್ತದೆ. ಪೊಟ್ಟಣ ಕಟ್ಟಲು ಹೋಗಲಿದ್ದ ಹಾಳೆಯಲ್ಲಿ ಒಂದು ಕವಿತೆ ಉಳಿದರೆ ಸರಸ್ವತಿ ಬೇಸರಿಸಲಾರಳು ಎಂಬುದು ನನ್ನ ನಂಬಿಕೆ. ಆದರೆ ಒಂದೇ ಪ್ರತಿ ಉಳಿದಿರುವ ಹಳೆಯ ಮುದ್ರಣ, ಅಜ್ಜನ ಕೈಬರಹ, ಗ್ರಂಥಾಲಯದ ಪುಸ್ತಕ, ಇವನ್ನು ಮುಟ್ಟಕೂಡದು.

ವಚನ, ಕೀರ್ತನೆ, ಭಾವಗೀತೆಗಳ ಮೇಲೆ ಮಾಡಬಹುದೇ?

ಮಾಡಬಾರದೆಂದು ಯಾರೂ ತಡೆಯುವುದಿಲ್ಲ. ನನಗೆ ಮಾತ್ರ ಅದರಲ್ಲಿ ಸಾರ ಕಂಡಿಲ್ಲ. ವಚನದಲ್ಲಿ ಒಂದು ಪದವೂ ಹೆಚ್ಚಿಲ್ಲ, ಏನನ್ನು ಮುಚ್ಚಿದರೂ ಸಣ್ಣದಾದ ವಚನವೇ ಉಳಿಯುತ್ತದೆ. ತ್ರಿಪದಿಯಲ್ಲಂತೂ ಮುಚ್ಚಲು ಏನೂ ಇರುವುದಿಲ್ಲ. ದೊಡ್ಡ ಕಾವ್ಯವಾದರೆ ಮಾತು ಬೇರೆ. ಅಮೆರಿಕದ ಕವಿ ರೊನಾಲ್ಡ್ ಜಾನ್ಸನ್ 1977ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮಿಲ್ಟನ್ನನ ಮಹಾಕಾವ್ಯದ ಮೊದಲ ಭಾಗಗಳಿಂದ ಹೆಚ್ಚಿನ ಪದಗಳನ್ನೆಲ್ಲ ತೆಗೆದು, ಉಳಿದವನ್ನು ಅವು ಇದ್ದ ಜಾಗದಲ್ಲೇ ನಕ್ಷತ್ರಗಳಂತೆ ಬಿಟ್ಟರು. ಅದಕ್ಕೆ ಕಾವ್ಯದೊಳಗೆ ಬಹುಕಾಲ ವಾಸ ಮಾಡಿರಬೇಕು. ಶುರು ಮಾಡುವವರಿಗೆ ಗದ್ಯವೇ ಸರಿ.

ನಮ್ಮಲ್ಲೂ ಇಂಥದ್ದು ಇತ್ತಲ್ಲ, ಸಿರಿಭೂವಲಯದ ಹಾಗೆ?

ಸಿರಿಭೂವಲಯ ಅಕ್ಷರಗಳ ಬದಲು ಅಂಕಿಗಳಲ್ಲಿ ಬರೆದ ಜೈನ ಗ್ರಂಥ. ಅದರಲ್ಲಿ ಅಡ್ಡ 27, ಉದ್ದ 27 ಮನೆಗಳ ಚೌಕಗಳಲ್ಲಿ 1ರಿಂದ 64ರವರೆಗಿನ ಅಂಕಿಗಳಿವೆ. ಅಂಕಿಗೊಂದು ಧ್ವನಿ, ಬೇರೆ ಬೇರೆ ದಾರಿಯಲ್ಲಿ ನಡೆದರೆ ಬೇರೆ ಬೇರೆ ಪಾಠ. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಒಂದು ಪಾಠದೊಳಗೆ ಇನ್ನೊಂದನ್ನು ಓದುವ ಆಸೆ ಎರಡಕ್ಕೂ ಸಮಾನ. ಆದರೆ ಅಲ್ಲಿ ಒಬ್ಬರು ಬೇಕೆಂದೇ ಅಡಗಿಸಿಟ್ಟದ್ದನ್ನು ಓದುಗ ಬಿಡಿಸುತ್ತಾನೆ. ಸೇತುವೆ ಕುಸಿದ ಸುದ್ದಿಯಲ್ಲಿ ಯಾರೂ ಏನನ್ನೂ ಅಡಗಿಸಿರಲಿಲ್ಲ.

ಕಪ್ಪು ಬಳಿದ ಪುಟ ನೋಡಿದರೆ ಸೆನ್ಸಾರ್ ನೆನಪಾಗುತ್ತದೆ. ಸಂಬಂಧ ಇದೆಯೇ?

ಇದೆ, ಅದನ್ನು ಮರೆಯಬಾರದು. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಬಂದು ಪತ್ರಿಕೆಗಳ ಮೇಲೆ ಸೆನ್ಸಾರ್ ಬಿತ್ತು. ಜೂನ್ 28ರಂದು ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪ್ರಕಟವಾಯಿತು. ಒಂದು ಪದವೂ ಇಲ್ಲದ ಆ ಜಾಗವನ್ನು ಓದುಗರೆಲ್ಲ ಓದಿದರು.

ಅಳಿಸುವ ಕವಿತೆಯನ್ನು ಈ ಅರಿವಿನಿಂದಲೇ ಬರೆದವರಿದ್ದಾರೆ. 1781ರಲ್ಲಿ ಜಾಂಗ್ ಎಂಬ ಗುಲಾಮರ ಹಡಗಿನಿಂದ ನೂರಕ್ಕೂ ಹೆಚ್ಚು ಆಫ್ರಿಕನ್ನರನ್ನು ಸಮುದ್ರಕ್ಕೆ ಎಸೆದರು. ಆಮೇಲೆ ಇಂಗ್ಲೆಂಡಿನ ಕೋರ್ಟಿನಲ್ಲಿ ನಡೆದ ವಾದ ಕೊಲೆಯದಲ್ಲ, ವಿಮೆ ಹಣದ್ದು. ಕೆನಡಾದ ಕವಿ ಎಂ. ನೋರ್ಬೆಸಿ ಫಿಲಿಪ್ ಆ ತೀರ್ಪಿನ ವರದಿಯ ಪದಗಳನ್ನೇ ಒಡೆದು, ಚೆದುರಿಸಿ 2008ರಲ್ಲಿ ಒಂದು ಪುಸ್ತಕ ಮಾಡಿದರು. ಮನುಷ್ಯರನ್ನು ಸರಕೆಂದು ಕರೆದ ಭಾಷೆಯಿಂದಲೇ ಅವರ ಉಸಿರನ್ನು ಹೊರತೆಗೆಯುವ ಕೆಲಸ ಅದು. ಪುಟದ ಮೇಲೆ ಪದಗಳು ನೀರಿನಲ್ಲಿ ತೇಲುವಂತೆ ಒಂದರಿಂದೊಂದು ದೂರ ನಿಂತಿವೆ.

ಯಾರು ಅಳಿಸುತ್ತಾರೆ, ಯಾರ ಮಾತನ್ನು ಅಳಿಸುತ್ತಾರೆ ಎಂಬುದು ಇಲ್ಲಿ ಮುಖ್ಯ. ಆದೇಶ, ಪ್ರಕಟಣೆ, ಜಾಹೀರಾತುಗಳ ಮೇಲೆ ಧಾರಾಳವಾಗಿ ಬಳಿಯಿರಿ. ನೊಂದವರು ತಾವೇ ಹೇಳಿಕೊಂಡ ಮಾತಿನ ಮೇಲೆ ಮಾರ್ಕರ್ ಇಡುವ ಮುನ್ನ ನಿಲ್ಲಿ.

ಬೇರೆಯವರ ಬರಹ ಬಳಸಿದರೆ ಕೃತಿಚೌರ್ಯ ಆಗುವುದಿಲ್ಲವೇ?

ಮನೆಯಲ್ಲಿ, ತರಗತಿಯಲ್ಲಿ ಅಭ್ಯಾಸ ಮಾಡುವುದಕ್ಕೆ ಯಾರ ಅಡ್ಡಿಯೂ ಇರುವುದಿಲ್ಲ. ಪ್ರಕಟಿಸುವುದು, ಮಾರುವುದು ಎಂದಾಗ ಎಚ್ಚರ ಬೇಕು. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಉಳಿದಿರುತ್ತದೆ. ಅದು ಮುಗಿದವರ ಬರಹ ಎಲ್ಲರದೂ. ಮುದ್ದಣ (ನಿಧನ 1901), ಗುಲ್ವಾಡಿ ವೆಂಕಟರಾಯರು (1913), ಪಂಜೆ ಮಂಗೇಶರಾಯರು (1937), ಕೈಲಾಸಂ (1946) ಮುಂತಾದವರ ಗದ್ಯ ಹೀಗೆ ಮುಕ್ತವಾಗಿದೆ. ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಕೃತಿಗಳು ಸಿಗುತ್ತವೆ.

ಇಂದಿನ ಲೇಖಕರ ಪುಟ ಬಳಸಿದರೆ ಅನುಮತಿ ಕೇಳಿ. ಯಾವುದನ್ನೇ ಬಳಸಿದರೂ ಮೂಲವನ್ನು ನಮೂದಿಸಿ. ಕಾನೂನಿಗಿಂತ ಹೆಚ್ಚಾಗಿ ಇದು ಮರ್ಯಾದೆಯ ಪ್ರಶ್ನೆ: ಪದಗಳನ್ನು ಅಲ್ಲಿ ಮೊದಲು ತಂದಿಟ್ಟವರು ಅವರು.

ಕಪ್ಪೇ ಆಗಬೇಕೇ?

ಬೇಡ. ಅಮೆರಿಕದ ಮೇರಿ ರೂಫ್ಲ್ ಹತ್ತೊಂಬತ್ತನೇ ಶತಮಾನದ ಒಂದು ಚಿಕ್ಕ ಪುಸ್ತಕದ ಮೇಲೆ ಬಿಳಿ ಬಳಿದು ಕವಿತೆ ಮಾಡಿದರು. ನಮ್ಮ ಮನೆಗಳಲ್ಲಿರುವ ವೈಟ್ನರ್ ಇದಕ್ಕೆ ಸಾಕು. ಪದಗಳು ಕಪ್ಪಿನಲ್ಲಿ ಕೂಗುತ್ತವೆ, ಬಿಳಿಯಲ್ಲಿ ಮೆಲ್ಲಗೆ ಮಾತಾಡುತ್ತವೆ. ಬಣ್ಣದ ಪೆನ್ಸಿಲಿನಲ್ಲಿ ತೆಳುವಾಗಿ ತೀಡಿದರೆ ಅಡಿಯ ಸುದ್ದಿ ಮಸುಕಾಗಿ ಕಾಣುತ್ತಲೇ ಇರುತ್ತದೆ, ಕವಿತೆಗೂ ಸುದ್ದಿಗೂ ಜಗಳವಿರುವ ಕಡೆ ಅದು ಒಳ್ಳೆಯ ಆಯ್ಕೆ.

ಪದಗಳು ಪುಟದಲ್ಲಿ ದೂರದೂರ ಬಿದ್ದು ಓದುಗ ದಾರಿ ತಪ್ಪುವಂತಿದ್ದರೆ, ಒಂದರಿಂದ ಇನ್ನೊಂದಕ್ಕೆ ಬಣ್ಣ ಬಳಿಯದ ತೆಳು ಹಾದಿ ಬಿಡಿ. ಚುಕ್ಕಿ ರಂಗೋಲಿಯ ಎಳೆ ಚುಕ್ಕಿಯನ್ನು ಬಳಸಿಕೊಂಡು ಸಾಗುವ ಹಾಗೆ ಅದು ಪದವನ್ನು ಬಳಸಿ ಮುಂದಕ್ಕೆ ಹೋಗಲಿ. ಟಾಮ್ ಫಿಲಿಪ್ಸ್ ಪುಟಗಳಲ್ಲಿ ಇಂಥ ಹಾದಿಗಳದ್ದೇ ಸೊಗಸು. ಚಿತ್ರ ಬರೆಯುವುದಾದರೆ ಕವಿತೆ ಹೇಳಿದ್ದನ್ನೇ ಮತ್ತೆ ಬರೆಯಬೇಡಿ. ದೋಣಿ ಎಂಬ ಪದ ಇದ್ದ ಮೇಲೆ ದೋಣಿಯ ಚಿತ್ರ ಯಾಕೆ?

ಮಕ್ಕಳಿಂದ ಮಾಡಿಸಬಹುದೇ? ಯಾವ ವಯಸ್ಸಿನಿಂದ?

ಸರಾಗವಾಗಿ ಓದಲು ಬಂದರೆ ಸಾಕು, ನಾಲ್ಕು-ಐದನೇ ತರಗತಿಯಿಂದ ಚೆನ್ನಾಗಿ ನಡೆಯುತ್ತದೆ. ಪರ್ಮನೆಂಟ್ ಮಾರ್ಕರ್ ಬದಲು ಸ್ಕೆಚ್ ಪೆನ್ ಅಥವಾ ಕ್ರೆಯಾನ್ ಕೊಡಿ. ಇಡೀ ಪುಟ ಬೇಡ, ಒಂದೆರಡು ಪ್ಯಾರಾ ಸಾಕು. ಎಲ್ಲರಿಗೂ ಒಂದೇ ಪ್ಯಾರಾದ ಜೆರಾಕ್ಸ್ ಕೊಡುವುದು ನನ್ನ ಒತ್ತಾಯ. ಕೊನೆಗೆ ಹಾಳೆಗಳನ್ನು ಸಾಲಾಗಿ ಅಂಟಿಸಿದಾಗ, ಒಂದೇ ಸುದ್ದಿಯಲ್ಲಿ ತನಗೆ ಕಾಣದ್ದು ಪಕ್ಕದವಳಿಗೆ ಕಂಡಿತು ಎಂಬುದು ಮಕ್ಕಳಿಗೆ ತಾನಾಗಿ ಗೊತ್ತಾಗುತ್ತದೆ. ಪಾಠ ಹೇಳುವ ಅಗತ್ಯವಿಲ್ಲ, ಅಂಕ ಕೊಡುವ ಅಗತ್ಯ ಮೊದಲೇ ಇಲ್ಲ.

ಹೊರದೇಶದಲ್ಲಿ ಬೆಳೆಯುತ್ತಿರುವ, ಮನೆಯಲ್ಲಿ ಕನ್ನಡ ಆಡಿದರೂ ಓದುವಾಗ ಅಕ್ಷರ ಕೂಡಿಸುವ ಮಕ್ಕಳಿಗೆ ಇದು ವಿಶೇಷವಾಗಿ ಒಗ್ಗುತ್ತದೆ. ಇಡೀ ಪ್ಯಾರಾ ಅರ್ಥವಾಗಬೇಕಿಲ್ಲ. ಗೊತ್ತಿರುವ ಪದಗಳನ್ನು ಬೇಟೆಯಾಡಿದರೆ ಸಾಕು. ‘ಮನೆಯಲ್ಲಿ’ ಎಂಬುದರಲ್ಲಿ ಮನೆ ಎಲ್ಲಿ ಮುಗಿಯಿತು ಎಂದು ಹುಡುಕುತ್ತಾ ಹುಡುಕುತ್ತಾ ವಿಭಕ್ತಿಯ ಪಾಠ ಆಗಿಹೋಗಿರುತ್ತದೆ.

ಫೋನಿನಲ್ಲೇ ಮಾಡಬಹುದೇ?

ಮಾಡಬಹುದು. ಪುಟದ ಫೋಟೋ ತೆಗೆದು, ಎಡಿಟ್ ಮಾಡುವಲ್ಲಿ ಕಪ್ಪು ಬ್ರಶ್ ಆರಿಸಿ ಬಳಿಯಿರಿ. ಹೈಲೈಟರ್ ಬ್ರಶ್ ಬೇಡ, ಅದು ಪಾರದರ್ಶಕ. ತಪ್ಪಾದರೆ ಹಿಂದಕ್ಕೆ ಹೋಗಬಹುದು ಎಂಬ ಅನುಕೂಲವಿದೆ. ಹಿಂದಕ್ಕೆ ಹೋಗಲಾಗದು ಎಂಬ ಗಾಂಭೀರ್ಯ ಮಾತ್ರ ಕಾಗದಕ್ಕೇ ಮೀಸಲು.

ನನ್ನ ಕವಿತೆ ಚೆನ್ನಾಗಿದೆಯೋ ಇಲ್ಲವೋ ಹೇಗೆ ತಿಳಿಯುವುದು?

ಉಳಿದ ಪದಗಳನ್ನು ಬಿಳಿ ಹಾಳೆಯಲ್ಲಿ ಬರೆದುಕೊಳ್ಳಿ. ಕಪ್ಪು ಪುಟದ ಅಂದವಿಲ್ಲದೆಯೂ ಅದು ನಿಲ್ಲುತ್ತದೆಯೇ? ಎಷ್ಟೋ ಪುಟಗಳು ನೋಡಲು ಚೆಂದ, ಓದಲು ಏನೂ ಇರುವುದಿಲ್ಲ. ಎರಡನೆಯದಾಗಿ, ಮೂಲ ಸುದ್ದಿ ಹೇಳಿದ್ದನ್ನೇ ಚಿಕ್ಕದಾಗಿ ಹೇಳುತ್ತಿದೆಯೇ? ಹಾಗಿದ್ದರೆ ಅದು ಸಾರಾಂಶ. ಮೂರನೆಯದು ನನಗೆ ತೀರಾ ಮುಖ್ಯ: ಪ್ರೀತಿ, ಬದುಕು, ಕನಸು, ಮೌನ ಎಂಬ ಪದಗಳು ಪುಟದಲ್ಲಿ ಕಂಡ ಕೂಡಲೇ ಹಿಡಿದುಕೊಂಡಿದ್ದೀರಾ? ಅವನ್ನು ಮುಚ್ಚಿ ನೋಡಿ. ಪ್ರೀತಿ ಎಂಬ ಪದ ಹೋದ ಮೇಲೂ ಪ್ರೀತಿ ಉಳಿದಿದ್ದರೆ ಕವಿತೆ ಗೆದ್ದಿತು.

ಮುಗಿದದ್ದನ್ನು ಗೋಡೆಗೆ ಹಾಕಬಹುದೇ? ಹಳದಿಯಾಗುವುದಿಲ್ಲವೇ?

ಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಅಂಶ ಉಳಿದಿರುವುದರಿಂದ ಬೆಳಕು, ಗಾಳಿ ತಾಗಿದರೆ ಬೇಗ ಹಳದಿಯಾಗಿ ಗರಿಗರಿಯಾಗುತ್ತದೆ. ಸ್ಕೆಚ್ ಪೆನ್ ಕಪ್ಪು ಬಿಸಿಲಿಗೆ ಕಂದುತ್ತದೆ. ಉಳಿಯಬೇಕೆಂದರೆ ಮೊದಲಿನಿಂದಲೇ ಒಳ್ಳೆಯ ಕಾಗದದ ಜೆರಾಕ್ಸ್ ಮೇಲೆ ಮಾಡಿ, ಬಿಸಿಲು ನೇರ ಬೀಳದ ಗೋಡೆಗೆ ಗಾಜಿನ ಫ್ರೇಮ್ ಹಾಕಿಸಿ. ಲ್ಯಾಮಿನೇಶನ್ ಮಾಡಿಸುವುದಾದರೆ ಮಸಿ ಪೂರ್ತಿ ಒಣಗಲು ಒಂದು ದಿನ ಬಿಡಿ. ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಪತ್ರಿಕೆಯ ಹೆಸರು, ತಾರೀಕು, ಪುಟದ ಸಂಖ್ಯೆ ಬರೆದಿಡಿ, ಮುಚ್ಚದ ಒಂದು ಪ್ರತಿಯನ್ನೂ ಅದರ ಜೊತೆಗೇ ಇಡಿ. ಮುಂದೆ ಇನ್ಯಾರಾದರೂ ಅದೇ ಪುಟದಲ್ಲಿ ಬೇರೊಂದನ್ನು ಹುಡುಕಲು ಬಯಸಬಹುದು.